ಹನ್ನೊಂದು ಹರಳುಗಳು

ಮಾರ್ಚ್ 3, ಸೋಮವಾರ

ಒಂಬತ್ತಕ್ಕೆ ಲ್ಯಾಬ್. ಬೀಗ ತೆಗೆದೆ, ಲೈಟ್ ಹಾಕಿದೆ, ರಿಜಿಸ್ಟರಿನಲ್ಲಿ ಶುಕ್ರವಾರದವರೆಗಿನ ಟಿಕ್‌ಗಳನ್ನು ಹಾಕಿ ಮುಗಿಸಿದೆ. ಆಮೇಲೆ ಮೈಕ್ರೋಸ್ಕೋಪಿನ ಮುಂದೆ. ಬೆಟ್ಟಸಾಲಿನ ನೆತ್ತಿಯಿಂದ ತಂದ ಮೂರನೆಯ ಸ್ಯಾಂಪಲ್. ಇಪ್ಪತ್ತು ಕಿಲೋ ಕಲ್ಲು ಒಡೆದು, ಪುಡಿ ಮಾಡಿ, ಜರಡಿ ಹಿಡಿದು, ತೊಳೆದು, ಕೊನೆಗೆ ಉಳಿದದ್ದು ಒಂದು ಚಿಟಿಕೆ. ಅದರೊಳಗೆ ಜಿರ್ಕಾನ್ ಹರಳುಗಳು. ಸೂಜಿ ಮೊನೆಯಲ್ಲಿ ಒಂದೊಂದನ್ನೇ ಎತ್ತಿ ಅಂಟಿನ ಮೇಲೆ ಸಾಲಾಗಿ ಕೂರಿಸಬೇಕು. ಸೀನು ಬಂದರೆ ಒಂದು ವಾರದ ಕೆಲಸ ಗಾಳಿಗೆ.

ನಿನ್ನೆ ಮಗಳು ಕೇಳಿದಳು. ಕಾನೂನು ಓದುವವಳು, ಉಪ್ಪನ್ನು ಉಪ್ಪು ಎನ್ನಲೂ ಸಾಕ್ಷಿ ಬೇಕು. “ಅಮ್ಮ, ಕಲ್ಲಿಗೇನು ಬರ್ತ್ ಸರ್ಟಿಫಿಕೇಟ್ ಇರುತ್ತಾ?”

ಇರುತ್ತದೆ ಎಂದೆ. ಹರಳು ಹುಟ್ಟುವಾಗ ಒಳಗೆ ಯುರೇನಿಯಂ ಸೇರಿಕೊಳ್ಳುತ್ತದೆ. ಅದು ಗೊತ್ತಾದ ವೇಗದಲ್ಲಿ ಸೀಸ ಆಗುತ್ತಾ ಹೋಗುತ್ತದೆ. ಎಷ್ಟು ಸೀಸ, ಅಷ್ಟು ವಯಸ್ಸು. ಬೆಟ್ಟ ಎದ್ದಾಗ ಕಲ್ಲು ಕಾವಿಗೆ, ಒತ್ತಡಕ್ಕೆ ಸಿಕ್ಕಿ ರೂಪವೇ ಬದಲಾಗಿಬಿಡುತ್ತದೆ. ಜಿರ್ಕಾನ್ ಮಾತ್ರ ಜಗ್ಗುವುದಿಲ್ಲ. ಮೈಮೇಲೆ ಒಂದು ಹೊಸ ಸಿಪ್ಪೆ ಬೆಳೆಸಿಕೊಂಡು ಸುಮ್ಮನಿರುತ್ತದೆ. ತಿರುಳು ಹೇಳುವುದು ಹುಟ್ಟಿದ ಕಾಲ, ಸಿಪ್ಪೆ ಹೇಳುವುದು ಬೆಂದ ಕಾಲ.

ಗಂಡ, ಕನ್ನಡಕದ ಅಂಗಡಿಯವರು, ಫ್ರೇಮ್ ಒರೆಸುತ್ತಾ, “ಕಲ್ಲಿನ ವಯಸ್ಸು ಬಾಯಿಪಾಠ. ನನ್ನ ವಯಸ್ಸು ಕೇಳಿದ್ರೆ ಬೆರಳು ಎಣಿಸ್ತಾಳೆ.”

ಇವತ್ತು ಅರವತ್ತೆರಡು ಹರಳು ಕೂರಿಸಿದೆ. ಗುರುವಾರ ಲೇಸರ್.

ಮಾರ್ಚ್ 6, ಗುರುವಾರ

ಇಲ್ಲ.

ಅರವತ್ತೆರಡರಲ್ಲಿ ಒಂದೂ ಇಲ್ಲ.

ಎಲ್ಲವೂ ಒಂದೇ ಥರ: ತಿರುಳು ಎಂಬತ್ತೈದು ಕೋಟಿ ವರ್ಷ, ಸಿಪ್ಪೆ ನಲವತ್ತೆಂಟು ಕೋಟಿ. ಮೊದಲ ಎರಡು ಸ್ಯಾಂಪಲ್‌ಗಳಲ್ಲೂ ಇದೇ. ಈಗ ಒಟ್ಟು ನೂರ ತೊಂಬತ್ತು ಹರಳು.

ಯಂತ್ರ ನಡೆಸುವವರನ್ನು ಎಲ್ಲರೂ ಲೇಸರಪ್ಪ ಎನ್ನುತ್ತಾರೆ. ಪರದೆಯಿಂದ ಕಣ್ಣು ತೆಗೆಯದೆ, “ಮೇಡಂ, ನಿಮ್ಮ ಮುತ್ತಜ್ಜಂದಿರು ಇವತ್ತೂ ರಜಾ” ಎಂದರು. ನಗಲು ಹೋದೆ, ಆಗಲಿಲ್ಲ.

ಮುತ್ತಜ್ಜಂದಿರು ಇರಲೇಬೇಕು. ನನಗೆ ಪಾಠ ಹೇಳಿದ ಮೇಷ್ಟ್ರ ಹೆಸರು ನಿಂತಿರುವುದೇ ಅವರ ಮೇಲೆ. ಇಪ್ಪತ್ತನಾಲ್ಕು ವರ್ಷದ ಹಿಂದೆ ಇದೇ ನೆತ್ತಿಯ ಕಲ್ಲಿನಲ್ಲಿ ಅರವತ್ತು ಹರಳುಗಳ ಪೈಕಿ ಹನ್ನೊಂದು ಇನ್ನೂರೈವತ್ತು ಕೋಟಿ ವರ್ಷದವು ಸಿಕ್ಕಿದ್ದವು. ಆ ಬೆಟ್ಟಸಾಲಿನಲ್ಲಿ ಬೇರೆಲ್ಲೂ ಅಷ್ಟು ಹಳೆಯದು ಇಲ್ಲ. ಹಾಗಾದರೆ ನೆತ್ತಿಯ ಆ ಪಟ್ಟಿ ಈ ನೆಲದ್ದೇ ಅಲ್ಲ, ದೂರದ ಯಾವುದೋ ಖಂಡದಿಂದ ಒಡೆದು ತೇಲಿಬಂದು ಇಲ್ಲಿ ಅಂಟಿಕೊಂಡದ್ದು — ಇದು ಮೇಷ್ಟ್ರ ವಾದ. ‘ವಲಸೆ ಪಟ್ಟಿ’ ಎಂದು ಹೆಸರಿಟ್ಟರು. ಪಠ್ಯಪುಸ್ತಕ ಸೇರಿತು. ಆಗ ಎಮ್ಮೆಸ್ಸಿ ಮುಗಿಸಿ ಅವರಿಗೆ ಅಸಿಸ್ಟೆಂಟ್ ಆಗಿದ್ದವಳು ನಾನು. ಆ ಕಲ್ಲನ್ನು ಪುಡಿ ಮಾಡಿದವಳೂ ನಾನೇ.

ಮದುವೆ, ಮಗಳು, ಹತ್ತೊಂಬತ್ತು ವರ್ಷ. ಐದು ವರ್ಷದ ಹಿಂದೆ ಅವರೇ ಫೋನ್ ಮಾಡಿ ಕರೆದರು — “ವಾಪಸ್ ಬಾ, ಪಿಎಚ್‌ಡಿ ಮಾಡು, ಆ ಪಟ್ಟಿಯನ್ನ ಹೊಸ ಯಂತ್ರದಲ್ಲಿ ಇನ್ನೊಂದ್ಸಲ ಅಳೆಯೋಣ.” ಜೀವನದಲ್ಲಿ ಸಿಕ್ಕ ದೊಡ್ಡ ವರ ಅಂದುಕೊಂಡಿದ್ದೆ. ಅಳೆದರೆ… ಇಲ್ಲ.

ಮಾರ್ಚ್ 7, ಶುಕ್ರವಾರ

ಮೇಷ್ಟ್ರ ಮನೆಗೆ ಹೋಗಿ ಹೇಳಿದೆ. ರಿಟೈರಾಗಿ ಹನ್ನೊಂದು ವರ್ಷ, ವಯಸ್ಸು ಎಪ್ಪತ್ತೊಂದು, ಈಗಲೂ ಮಂಡಿ ಮೇಲೆ ಹಲಗೆ ಇಟ್ಟುಕೊಂಡು ಬರೆಯುತ್ತಾರೆ. ಅವರ ಪುಸ್ತಕ ಅಚ್ಚಿನಲ್ಲಿದೆ. ಕೊನೆಯ ಅಧ್ಯಾಯ ವಲಸೆ ಪಟ್ಟಿ. ಅದರ ಕೊನೆಯ ಚಿತ್ರ ನಾನು ಕೊಡಬೇಕು.

“ಇನ್ನೊಂದು ಸಲ ನೋಡು” ಎಂದರು. ಅಷ್ಟೇ. ನಾನು ಕಾಗದ ಚಾಚಿದರೂ ತೆಗೆದುಕೊಳ್ಳಲಿಲ್ಲ.

ಅವರ ಹೆಂಡತಿಯನ್ನು ನಾನು ಮೊದಲಿನಿಂದಲೂ ಅಕ್ಕ ಎಂದೇ ಕರೆಯುವುದು. ಅಡುಗೆಮನೆಯಲ್ಲಿ ಹಿಟ್ಟು ಜರಡಿ ಹಿಡಿಯುತ್ತಾ, “ಊಟ ಮಾಡ್ಕೊಂಡು ಹೋಗೇ. ಕಲ್ಲು ತಿಂದು ಕಲ್ಲಿನ ಬಣ್ಣಕ್ಕೇ ಬಂದಿದೀಯ” ಎಂದರು. ನಿಲ್ಲಲಿಲ್ಲ.

ಬಸ್ಸಿನಲ್ಲಿ ಕವಿತೆಯ ಪುಸ್ತಕ ತೆರೆದು ಮುಚ್ಚಿದೆ. ಕವಿಗಳು ಕಲ್ಲನ್ನು ಮೂಕ ಎನ್ನುತ್ತಾರೆ. ಮೂಕವಲ್ಲ. ಕೇಳಿದ್ದಕ್ಕಷ್ಟೇ ಉತ್ತರ ಕೊಡುತ್ತದೆ, ಅಷ್ಟೆ. ನಾವು ಕೇಳಿದ್ದು ಸರಿಯೇ?

ಮಾರ್ಚ್ 12, ಬುಧವಾರ, ಸಂಜೆ 4

ಹಳೆಯ ಫೋಟೋಗಳನ್ನು ತೆಗೆಸಿದೆ. ಆ ಹನ್ನೊಂದು ಹರಳುಗಳದ್ದು. ನೂರು ಸಲ ನೋಡಿದ ಚಿತ್ರಗಳು. ಪಾಠ ಮಾಡುವಾಗ ಗೋಡೆಯ ಮೇಲೆ ಬಿಟ್ಟು ತೋರಿಸಿದವು. ಇವತ್ತು ಸ್ಕೇಲ್ ಇಟ್ಟು ಅಳೆದೆ.

ಬೇರೆ ನಲವತ್ತೊಂಬತ್ತು ಹರಳುಗಳಲ್ಲಿ ಸಣ್ಣದು, ದೊಡ್ಡದು, ಉದ್ದ, ಮೊಂಡು — ಸಂತೆಯ ಜನದ ಹಾಗೆ. ಈ ಹನ್ನೊಂದು ಮಾತ್ರ ಹೆಚ್ಚುಕಡಿಮೆ ಒಂದೇ ದಪ್ಪ. ಕಾಲು ಮಿಲಿಮೀಟರ್. ನಮ್ಮ ಜರಡಿಯ ಕಣ್ಣಿನಷ್ಟೇ. ತೂರಿಹೋಗಲೂ ಆಗದ, ಮೇಲೆ ನಿಲ್ಲಲೂ ಆಗದ, ಕಣ್ಣಿನಲ್ಲೇ ಸಿಕ್ಕಿಹಾಕಿಕೊಳ್ಳುವ ಗಾತ್ರ.

ಇನ್ನೊಂದು. ಅವಕ್ಕೆ ಸಿಪ್ಪೆ ಇಲ್ಲ.

ಎಲ್ಲಕ್ಕೂ ಇರುವ ನಲವತ್ತೆಂಟು ಕೋಟಿ ವರ್ಷದ ಸಿಪ್ಪೆ, ಬೆಟ್ಟ ಎದ್ದಾಗಿನ ಬೇಗೆಯ ಗುರುತು, ಈ ಹನ್ನೊಂದಕ್ಕೆ ಇಲ್ಲವೇ ಇಲ್ಲ. “ಗಟ್ಟಿ ಹರಳು, ಕಾವು ತಟ್ಟಿಲ್ಲ” ಎಂದು ಮೇಷ್ಟ್ರು ಆಗ ಬರೆದರು. ನಾವೆಲ್ಲ ತಲೆಯಾಡಿಸಿದೆವು. ಒಂದೇ ಒಲೆಯಲ್ಲಿ ಬೆಂದ ಅರವತ್ತರಲ್ಲಿ ಹನ್ನೊಂದಕ್ಕೆ ಬಿಸಿಯೇ ತಗುಲದೆ ಇರುವುದು ಹೇಗೆ?

ಆ ಒಲೆಯಲ್ಲಿ ಅವು ಇರಲೇ ಇಲ್ಲದಿದ್ದರೆ…

ಸ್ಕೇಲ್ ಕೆಳಗಿಟ್ಟೆ. ಫ್ಯಾನ್ ತಿರುಗುತ್ತಲೇ ಇತ್ತು.

ಮಾರ್ಚ್ 13, ಗುರುವಾರ

ಸ್ಟೋರಿನ ಮೇಲಿನ ಅಟ್ಟದಲ್ಲಿ ಹಳೆಯ ರಿಜಿಸ್ಟರ್ ಸಿಕ್ಕಿತು. ಹಸಿರು ಬಟ್ಟೆಯ ಬೈಂಡು, ಮೂಲೆ ತಿಂದುಹೋಗಿದೆ. ಐದು ಕಾಲಮ್: ತಾರೀಕು, ಸ್ಯಾಂಪಲ್, ಜರಡಿ ತೊಳೆದಿದೆ, ಅಸಿಸ್ಟೆಂಟ್ ಸಹಿ, ಪರಿಶೀಲಿಸಿದೆ.

ಮಂಗಳವಾರ. ಊರಾಚೆಯ ಕ್ವಾರಿಯ ಕಲ್ಲು. ಮನೆ ಮೆಟ್ಟಿಲಿಗೆ, ಅಡುಗೆ ಕಟ್ಟೆಗೆ ಹಾಕುವ ಗುಲಾಬಿ ಕಲ್ಲು. ಇನ್ನೂರೈವತ್ತು ಕೋಟಿ ವರ್ಷ ಎಂದು ಮಕ್ಕಳಿಗೂ ಗೊತ್ತು. ಟಿಕ್. ನನ್ನ ಸಹಿ.

ಬುಧವಾರ. ನೆತ್ತಿಯ ಕಲ್ಲು. ಟಿಕ್. ನನ್ನ ಸಹಿ.

ಅದೇ ಪುಟದ ಅಂಚಿನಲ್ಲಿ, ಅದೇ ಕೈ, ದುಂಡಗಿನ ಅಕ್ಷರ, ಇಪ್ಪತ್ತನಾಲ್ಕು ವರ್ಷದ ಹುಡುಗಿಯ ಅಕ್ಷರ: “ಮಂಗಳವಾರ, ಬುಧವಾರ ನೀರಿಲ್ಲ. ಟ್ಯಾಂಕ್ ರಿಪೇರಿ.”

ಮೂರು ಸಲ ಓದಿದೆ. ನೀರಿಲ್ಲ. ಜರಡಿ ತೊಳೆದಿದೆ. ಒಂದೇ ಸಾಲಿನಲ್ಲಿ, ಒಂದೇ ಕೈಯಲ್ಲಿ.

ಟಿಕ್‌ಗಳ ಶಾಯಿ ನೋಡಿದೆ. ಸೋಮವಾರದಿಂದ ಶುಕ್ರವಾರದವರೆಗೆ ಐದೂ ನೀಲಿ, ಒಂದೇ ಓಟದಲ್ಲಿ. ಅಂಚಿನ ಮಾತು ಕಪ್ಪು. ಸೋಮವಾರವೇ ವಾರದ ಟಿಕ್ ಹಾಕಿಬಿಡುವುದು ಲ್ಯಾಬಿನ ಪದ್ಧತಿ. ನನಗೆ ಕಲಿಸಿದವರೂ ಹಾಗೇ ಮಾಡುತ್ತಿದ್ದರು. ಹೇಗೂ ತೊಳೆಯುತ್ತೇವಲ್ಲ.

ಆ ಬುಧವಾರ ಏನು ಮಾಡಿದೆ? ಬ್ರಷ್ಷಿನಲ್ಲಿ ಉಜ್ಜಿದೆನೇ? ಮೇಜಿನ ಅಂಚಿಗೆ ಬಡಿದು ಸುಮ್ಮನಾದೆನೇ? ನೆನಪಿಲ್ಲ. ಆ ದಿನ ಉಟ್ಟ ಸೀರೆ ನೆನಪಿದೆ. ಮೇಷ್ಟ್ರು “ಶಹಬ್ಬಾಸ್” ಎಂದದ್ದು ನೆನಪಿದೆ. ಇದು ಮಾತ್ರ ಇಲ್ಲ.

ದೂರದ ಖಂಡದಿಂದ ತೇಲಿಬಂದವರು… ಕ್ವಾರಿಯವರು, ತೊಳೆಯದ ಜರಡಿಯಿಂದ ಉದುರಿದವರು. ಬಸ್ಸಿನಲ್ಲಿ ಒಂದು ಗಂಟೆ.

ಮಾರ್ಚ್ 18, ಮಂಗಳವಾರ

ನಾಲ್ಕು ದಿನ ಇಲ್ಲಿ ಬರೆಯಲಾಗಲಿಲ್ಲ. ಲ್ಯಾಬಿಗೂ ಹೋಗಲಿಲ್ಲ. ಜ್ವರ ಎಂದೆ.

ಇವತ್ತು ಬೆಳಿಗ್ಗೆ ಗಂಡನಿಗೆ ಹೇಳಿದೆ. ಪೂರ್ತಿ ಕೇಳಿದರು. ಆಮೇಲೆ, “ಇಪ್ಪತ್ನಾಲ್ಕು ವರ್ಷದ ಹಿಂದೆ ಒಂದು ಪಾತ್ರೆ ತೊಳೀಲಿಲ್ಲ ಅಂತ ಈಗ ಊಟ ಬಿಟ್ಟಿದೀಯಾ?”

ನಕ್ಕೆ. ನಗುನಗುತ್ತಲೇ ಅಳು ಬಂತು. ಅವರು ಗಾಬರಿಯಾಗಿ, ಅಂಗಡಿಯಲ್ಲಿ ಲೆನ್ಸ್ ಒರೆಸುವ ಬಟ್ಟೆಯನ್ನೇ ಕೈಗೆ ಕೊಟ್ಟರು.

ಮಗಳು ರಿಜಿಸ್ಟರಿನ ಜೆರಾಕ್ಸ್ ತಿರುಗಿಸಿ ತಿರುಗಿಸಿ ನೋಡಿದಳು. “ಅಮ್ಮ, ಇದು ಯಾರ ಸಹಿ? ಕೊನೇ ಕಾಲಮ್‌ದು?”

ಮೇಷ್ಟ್ರದ್ದು. ‘ಪರಿಶೀಲಿಸಿದೆ.’ ಆ ತಿಂಗಳ ಅಷ್ಟೂ ಸಾಲಿಗೂ ಒಂದೇ ಪೆನ್ನು, ಒಂದೇ ಓರೆ. ನಾನು ವಾರಕ್ಕೊಮ್ಮೆ, ಅವರು ತಿಂಗಳಿಗೊಮ್ಮೆ. ಐದು ದಿನ ನನ್ನ ಟಿಕ್ಕನ್ನೇ ನೋಡುತ್ತಾ ಕೂತಿದ್ದೆ, ಪಕ್ಕದ ಕಾಲಮ್ಮಿಗೆ ಕಣ್ಣು ಹೋಗಿರಲೇ ಇಲ್ಲ.

“ಕೋರ್ಟಲ್ಲಿ ಆಗಿದ್ರೆ ಇಬ್ರೂ ಒಳಗೆ” ಎಂದಳು. ತಮಾಷೆಗೇ. ನನ್ನ ಮುಖ ನೋಡಿ ಜೆರಾಕ್ಸ್ ಮಡಚಿಟ್ಟಳು.

ಮಾರ್ಚ್ 20, ಗುರುವಾರ, ಮಧ್ಯಾಹ್ನ 2

ಹೇಳಿದೆ.

ಮೇಷ್ಟ್ರು ಪ್ರೂಫ್ ಹರವಿಕೊಂಡು ಕೂತಿದ್ದರು. “ಬಾ ಬಾ. ಶುಕ್ರವಾರ ಇಪ್ಪತ್ತೆಂಟಕ್ಕೆ ವಾಪಸ್ ಕೊಡಬೇಕು. ನೋಡು, ನಿನ್ನ ಚಿತ್ರಕ್ಕೆ ಜಾಗ ಬಿಟ್ಟಿದಾರೆ.” ಕೊನೆಯ ಅಧ್ಯಾಯದ ಕೊನೆಯ ಪುಟ. ಅರ್ಧ ಪುಟದ ಖಾಲಿ ಚೌಕ.

ಆ ಚೌಕದ ಮೇಲೆಯೇ ಜೆರಾಕ್ಸ್ ಇಟ್ಟೆ. ಗಾತ್ರ, ಸಿಪ್ಪೆ, ಕ್ವಾರಿ, ನೀರು — ಒಂದೇ ಉಸಿರಿಗೆ ಹೇಳಿಬಿಟ್ಟೆ. ಕನ್ನಡಕ ತೆಗೆದರು, ಒರೆಸಿದರು, ಹಾಕಿಕೊಳ್ಳಲಿಲ್ಲ.

“ನಂಗೊತ್ತು” ಎಂದರು.

ಕೇಳಿದ್ದು ಸರಿಯೇ ಎಂದು ಅವರ ಮುಖವನ್ನೇ ನೋಡಿದೆ.

“ಒಂಬತ್ತು ವರ್ಷದ ಹಿಂದೆ ನಾನೇ ಹತ್ತಿದೆ. ಎರಡು ಮೂಟೆ ತಂದೆ. ಹೊರಗಡೆ ಲ್ಯಾಬಿಗೆ ಕಳಿಸ್ದೆ, ಯಾರಿಗೂ ಹೇಳದೇನೇ. ಒಂದೂ ಇರ್ಲಿಲ್ಲಮ್ಮ. ಆಮೇಲೆ ರಿಜಿಸ್ಟರ್ ನೋಡ್ದೆ. ನೀನು ನೋಡಿದ್ದೇ ಪುಟ.”

“ಯಾರಿಗೂ ಹೇಳ್ಲಿಲ್ಲ?”

“ಟಿಕ್ ನಿಂದು. ನಾನು ಬಾಯಿ ಬಿಟ್ರೆ ನಿನ್ನ ಮೇಲೆ ಹೊರಿಸಿದ ಹಾಗಾಗುತ್ತೆ ಅಂತ…”

“ಪಕ್ಕದ ಸಹಿ ನಿಮ್ದು, ಸರ್.”

ಇಷ್ಟು ವರ್ಷದಲ್ಲಿ ಅವರಿಗೆ ಎದುರಾಡಿದ್ದು ಇದೇ ಮೊದಲು. ಕೊನೆಗೆ ಕೇಳಿದೆ: “ಹಾಗಾದ್ರೆ ನನ್ನನ್ನ ಯಾಕೆ ವಾಪಸ್ ಕರೆದ್ರಿ?”

“ನೀನು ಕಂಡುಹಿಡೀತೀಯ ಅಂತ.”

“ಕಂಡುಹಿಡಿದೆ.”

“ಹೌದು. ಈಗ ಭಯ ಆಗ್ತಿದೆ.”

ಐದು ವರ್ಷದ ವರ. ನಿಜವಾಗಿ ಅದು ಅವರು ಹೊರಲಾರದ ಮೂಟೆ. ನನ್ನ ಬೆನ್ನಿಗೆ ಏರಿಸಿ ಮೇಲೊಂದು ಶಾಲು ಹೊದಿಸಿದ್ದರು. ಸಿಟ್ಟು ಬರಬೇಕಿತ್ತು. ಬಂದದ್ದು ದಿಗಿಲು.

ಅಷ್ಟರಲ್ಲಿ ಅವರ ದನಿ ಮೇಷ್ಟ್ರದ್ದಾಯಿತು. “ಆದ್ರೂ ಇದೆಲ್ಲ ಅನುಮಾನ. ಪುರಾವೆ ಅಲ್ಲ. ನೀರಿಲ್ದೆ ಇದ್ರೂ ಬ್ರಷ್ಷಲ್ಲಿ ಉಜ್ಜಿರಬಹುದು ನೀನು. ಬೆಟ್ಟದಲ್ಲಿ ಹತ್ತಡಿ ಆಚೆ ಕಲ್ಲು ಬೇರೆ ಇರಬಹುದು. ಪುಸ್ತಕ ಬರ್ಲಿ, ಆಮೇಲೆ ನಿಧಾನಕ್ಕೆ ನೋಡೋಣ. ತಪ್ಪಾಯ್ತು ಅಂತ ಪತ್ರಿಕೆಗೆ ಪತ್ರ ಬರೆದ್ರೆ ನಿನ್ನ ಹೆಸರೂ ಬರುತ್ತೆ. ನಿನ್ನ ಥೀಸಿಸ್ ಓದೋರು ಅದನ್ನೂ ಓದ್ತಾರೆ. ಆ ಜರಡಿನೇ ಕೈಗೆ ಸಿಕ್ಕಿದ್ರೆ ಮಾತು ಬೇರೆ. ಎಲ್ಲಿದೆ ಅದು? ಯಾವ ತಿಪ್ಪೆಲಿದೆಯೋ.”

ಒಳಗಿನಿಂದ ಸದ್ದು. ಸರ್… ಸರ್… ಟಪ್. ಸರ್… ಸರ್… ಟಪ್.

ಅಡುಗೆಮನೆಯ ಬಾಗಿಲಿಗೆ ಹೋದೆ. ಅಕ್ಕ ಹಿಟ್ಟು ಜರಡಿ ಹಿಡಿಯುತ್ತಿದ್ದರು. ಜರಡಿಗೆ ಹಿತ್ತಾಳೆಯ ಬಳೆ, ಒಂದು ಕಡೆ ನೆಗ್ಗಿದೆ. ಬಳೆಯ ಮೇಲೆ ಮಾಸಿದ ಕೆಂಪು ಬಣ್ಣದಲ್ಲಿ ಲ್ಯಾಬಿನ ಅಂಕೆ. ನೂರು ಸಲವಾದರೂ ಈ ಮನೆಯಲ್ಲಿ ಉಂಡಿದ್ದೇನೆ. ಆ ಸದ್ದು ಕೇಳುತ್ತಲೇ ಉಂಡಿದ್ದೇನೆ.

“ಅಕ್ಕ, ಇದು ಎಲ್ಲೀದು?”

“ನಿಮ್ಮ ಲ್ಯಾಬಿಂದೇ ಕಣೇ. ಹೊಸದು ಬಂತು, ಹಳೇದು ಎಸೀತಾರಂತೆ ಅಂದ್ರು ಇವ್ರು. ತಂದ್ಕೊಡಿ ಅಂದೆ. ಇಷ್ಟು ನಯ ಅಂಗಡೀದು ಯಾವ್ದೂ ಬರಲ್ಲ. ಯಾಕೆ, ಲ್ಯಾಬಿಗೆ ವಾಪಸ್ ಬೇಕಂತಾ?”

ಹಿಂದೆ ಮೇಷ್ಟ್ರು ಬಂದು ನಿಂತಿದ್ದರು. ಅವರ ಮುಖ ಹಿಟ್ಟಿಗಿಂತ ಬಿಳಿ. ದಿನಾ ಕಣ್ಣಮುಂದೆ ಇದ್ದದ್ದು ಅವರಿಗೂ ಕಂಡಿರಲಿಲ್ಲ, ಇದನ್ನು ನಾನು ನಂಬುತ್ತೇನೆ. ಬೇಡ ಎನ್ನುತ್ತಾರೆ ಎಂದುಕೊಂಡೆ.

“ಹಿಟ್ಟು ಮೆತ್ತಗೆ ಜಾಡಿಸಿಕೊಂಡು ಹೋಗು. ಬಡೀಬೇಡ” ಎಂದರು.

ಮಾರ್ಚ್ 21, ಶುಕ್ರವಾರ

ಜರಡಿ ಮೈಕ್ರೋಸ್ಕೋಪಿನ ಕೆಳಗೆ. ನಡುವೆ ಏನೂ ಇಲ್ಲ, ಎರಡು ದಶಕದ ಹಿಟ್ಟು ಎಲ್ಲವನ್ನೂ ಒರೆಸಿಬಿಟ್ಟಿದೆ. ಅಂಚಿನಲ್ಲಿ, ತಂತಿಬಲೆಯನ್ನು ಬಳೆಗೆ ಬೆಸುಗೆ ಹಾಕಿದ ಸಂದಿನಲ್ಲಿ, ಗಟ್ಟಿಯಾದ ಹಿಟ್ಟಿನ ಹಕ್ಕಳೆ. ಒದ್ದೆ ಕುಂಚದಿಂದ ಕರಗಿಸುತ್ತಾ ಹೋದೆ. ಎರಡು ಗಂಟೆ.

ಹನ್ನೊಂದೂಕಾಲಿಗೆ ಒಂದು ಮಿಣುಕು. ಗುಲಾಬಿ.

ಆಮೇಲೆ ಇನ್ನೊಂದು. ಒಟ್ಟು ನಾಲ್ಕು.

ಆ ಜರಡಿಯಲ್ಲಿ ಬೇರೆ ಕಲ್ಲುಗಳೂ ಜರಡಿಯಾಗಿವೆ. ಯಾವುದರದ್ದೋ ಏನೋ. ಅಳೆಯದೆ ಹೇಳಲಾಗದು. ಅಳೆಯುವ ಮುಂಚೆಯೇ ನನಗೆ ಗೊತ್ತು.

ಮಾರ್ಚ್ 25, ಮಂಗಳವಾರ

ಬೆಳಿಗ್ಗೆ ಹತ್ತಕ್ಕೆ ಲೇಸರ್. ಬಾಗಿಲ ಬಳಿ ಮೇಷ್ಟ್ರು! ಕೋಲು ಊರಿಕೊಂಡು ಮೂರು ಮಹಡಿ ಹತ್ತಿ ಬಂದಿದ್ದರು. ಲೇಸರಪ್ಪ ಎದ್ದು ಕುರ್ಚಿ ಕೊಟ್ಟರೆ ಕೂರಲಿಲ್ಲ.

ಮೊದಲನೆಯದು. ಲೇಸರಪ್ಪ ಓದಿದರು: “ಇನ್ನೂರೈವತ್ತೊಂದು ಕೋಟಿ.”

ಎರಡನೆಯದು. “ಇನ್ನೂರ ನಲವತ್ತೊಂಬತ್ತು.”

ಮೂರನೆಯದು ಎಂಬತ್ತಾರು ಕೋಟಿ, ಸಿಪ್ಪೆ ನಲವತ್ತೆಂಟು. ಅದು ನೆತ್ತಿಯ ಕಲ್ಲಿನದು. ಕ್ವಾರಿಯದ್ದೂ ಬೆಟ್ಟದ್ದೂ ಒಂದೇ ಸಂದಿನಲ್ಲಿ, ಒಂದೇ ಹಿಟ್ಟಿನ ಕೆಳಗೆ, ಇಷ್ಟು ವರ್ಷ.

ನಾಲ್ಕನೆಯದು. “ಇನ್ನೂರೈವತ್ತು. ಸಿಪ್ಪೆ ಇಲ್ಲ ಮೇಡಂ. ಅಲ್ಲಾ, ಇವ್ರು ಮುತ್ತಜ್ಜಂದಿರೇ ಅಲ್ವಾ? ಎಲ್ಲಿ ಸಿಕ್ಕಿದ್ರು?”

ನಾಲ್ಕೂ ಅಂಕೆಗಳನ್ನು ಬರೆದುಕೊಂಡೆ.

ಮೇಷ್ಟ್ರು ಪರದೆಯ ಹತ್ತಿರ ಬಗ್ಗಿ ನಿಂತರು. “ಎಲ್ಲಿಂದಲೂ ಬಂದಿಲ್ಲ ಹಾಗಾದ್ರೆ” ಎಂದರು. “ಆ ಪಟ್ಟಿ. ಅಲ್ಲೇ ಹುಟ್ಟಿ, ಅಲ್ಲೇ ಬೆಂದು, ಅಲ್ಲೇ ಇದೆ.”

ಮೆಟ್ಟಿಲು ಇಳಿಯುವಾಗ ನನ್ನ ತೋಳು ಹಿಡಿದುಕೊಂಡರು. ಎಲುಬು ಮಾತ್ರ ಇರುವ ಕೈ. ಇವರ ಮೇಲೆ ಸಿಟ್ಟು ಮಾಡಿಕೊಳ್ಳಲು ಇನ್ನೂ ಸಮಯ ಬೇಕು ಅನಿಸಿತು. ಕ್ಷಮಿಸಲೂ.

ಮಾರ್ಚ್ 28, ಶುಕ್ರವಾರ

ಪ್ರೂಫ್ ಹೋಯಿತು. ಕೊನೆಯ ಅಧ್ಯಾಯ ಇಲ್ಲದೆ. ನಲವತ್ತಾರು ಪುಟಗಳ ಮೇಲೆ, ಒಂದೊಂದರ ಮೇಲೂ, ಮೂಲೆಯಿಂದ ಮೂಲೆಗೆ ಮೇಷ್ಟ್ರು ಗೆರೆ ಎಳೆದಿದ್ದರು. “ಮೊದಲ ಪುಟದಲ್ಲಿ ಒಂದ್ಸಲ ಬರೆದ್ರೆ ಸಾಕಿತ್ತಲ್ವಾ ಸರ್?” ಎಂದೆ.

“ಇನ್ಮೇಲೆ ಒಂದ್ಸಲಕ್ಕೆ ಎಲ್ಲಾ ಮುಗಿಸೋದು ಬೇಡ.”

ವಲಸೆ ಪಟ್ಟಿಯ ಲೇಖನ ಅಚ್ಚಾಗಿದ್ದ ಪತ್ರಿಕೆಗೆ ತಪ್ಪೊಪ್ಪಿಗೆ ಪತ್ರ. ಒಂದೂವರೆ ಪುಟ. ಜರಡಿ, ನೀರು, ಟಿಕ್, ಸಹಿ, ಒಂಬತ್ತು ವರ್ಷದ ಮೌನ — ಎಲ್ಲ ಇದೆ. ಕೊನೆಯದನ್ನು ನಾನು ಬರೆದಿರಲಿಲ್ಲ, ಅವರೇ ಸೇರಿಸಿದರು. ಇಬ್ಬರೂ ಸಹಿ ಹಾಕಿದೆವು. ಥೀಸಿಸ್ ಒಂದು ವರ್ಷ ಮುಂದಕ್ಕೆ ಹೋಯಿತು. ಪದವಿ ಸಿಗುತ್ತದೋ ಇಲ್ಲವೋ. ಗಂಡ, “ಕೋಟಿಗಟ್ಟಲೆ ವರ್ಷ ಎಣಿಸೋಳಿಗೆ ಒಂದು ವರ್ಷ ಯಾವ ಲೆಕ್ಕ” ಎಂದರು. ಇವರ ಬಾಯಿ.

ಮೇಷ್ಟ್ರ ಮನೆಯಿಂದ ಹೊರಡುವಾಗ ಅಕ್ಕ ಬಾಗಿಲಿಗೆ ಬಂದರು. ಅವರಿಗೆ ಎಲ್ಲ ಗೊತ್ತಾಗಿದೆ. “ನಲವತ್ತು ವರ್ಷ ಸಂಸಾರ ಮಾಡಿದೀನಿ, ಒಂಬತ್ತು ವರ್ಷದಿಂದ ಈ ಮನುಷ್ಯ ನಿದ್ದೆಲಿ ಎಣಿಸ್ತಿದ್ದ. ಒಂದರಿಂದ ಹನ್ನೊಂದು. ಏನು ಅಂತ ಕೇಳಿದ್ರೆ ಹೇಳ್ತಿರ್ಲಿಲ್ಲ.” ಆಮೇಲೆ, “ಜರಡಿ ಯಾವಾಗ ಕೊಡ್ತೀಯ?”

ಕೊಡುವುದಿಲ್ಲ ಎಂದೆ. ಹೊಸದು ತಂದುಕೊಡುತ್ತೇನೆ ಎಂದೆ.

ಮಾರ್ಚ್ 31, ಸೋಮವಾರ, ಬೆಳಿಗ್ಗೆ 9.20

ಬೀಗ ತೆಗೆದೆ, ಲೈಟ್ ಹಾಕಿದೆ. ಎರಡು ವಾರದಲ್ಲಿ ಮೊದಲ ಸಲ ಹಸಿವಾಗಿತ್ತು. ಚೀಲದಲ್ಲಿ ಕವಿತೆಯ ಪುಸ್ತಕವೂ ಇದೆ, ಬಸ್ಸಿನಲ್ಲಿ ನಾಲ್ಕು ಪುಟ ಓದಿಸಿಕೊಂಡಿತು.

ರಿಜಿಸ್ಟರ್ ತೆರೆದೆ. ಕಿಟಕಿಯ ಆಚೆ ಯಾರೋ ಸೈಕಲ್ಲಿಗೆ ಗಾಳಿ ಹೊಡೆಯುತ್ತಿದ್ದರು, ನೋಡುತ್ತಾ ನಿಂತೆ. ತಿರುಗಿದರೆ ಪೆನ್ನು ಕೆಳಗೆ ಬಂದಿದೆ. ಸೋಮವಾರ ಟಿಕ್. ಮಂಗಳವಾರ ಟಿಕ್. ಬುಧವಾರದ್ದು ಅರ್ಧ.

ನಾನು ಹಾಕಲಿಲ್ಲ. ಹಾಕಿದ್ದು ನನ್ನ ಕೈ.

ಹಿಂದಿನ ಪುಟ ತಿರುವಿದೆ. ಮಾರ್ಚ್ ಮೂರು. ಮೂರನೆಯ ಸ್ಯಾಂಪಲ್ಲಿನ ವಾರ. ಐದು ಟಿಕ್, ಒಂದೇ ನೀಲಿ, ಒಂದೇ ಓಟ. ಅದರ ಹಿಂದಿನ ಪುಟ. ಅದರ ಹಿಂದಿನದು. ಐದು ವರ್ಷ, ಪ್ರತಿ ಸೋಮವಾರ.

ಪತ್ರ ಸುಳ್ಳಾಗುವುದಿಲ್ಲ. ಕೊಳೆ ಜರಡಿಯಿಂದ ಇಲ್ಲದ್ದು ಬಂದು ಸೇರಬಹುದು, ಇದ್ದದ್ದು ಮಾಯವಾಗುವುದಿಲ್ಲ. ಇದನ್ನು ಮೂರು ಸಲ ಹೇಳಿಕೊಂಡೆ. ಸರಿ. ಆದರೆ ಈ ಐದು ವರ್ಷದಲ್ಲಿ ಬೇರೆಯವರ ಎಷ್ಟೊಂದು ಕಲ್ಲುಗಳನ್ನು ಇದೇ ಕೈ ಜರಡಿ ಹಿಡಿದು ಕೊಟ್ಟಿದೆ, ಅವರು ನಂಬಿ ಬರೆದಿದ್ದಾರೆ… ಮೊದಲಿನಿಂದ ನೋಡಬೇಕು. ಒಂದೊಂದೇ ಸಾಲು. ಮೊದಲ ವರ್ಷ, ಮೊದಲ ತಿಂಗಳು, ಬುಧವಾರ — ಟಿಕ್ ಇದೆ, ಸಹಿ ಇದೆ, ಅಂಚಿನಲ್ಲಿ ನನ್ನದೇ ಅಕ್ಷರದಲ್ಲಿ ಏನೋ ಬರೆದಿದೆ.